ನೆಲೆಗೀಲು: ಎಂಜಿನ್ ಬ್ಲಾಕಿನ ಪುನರ್ಜೋಡಣೆಯಲ್ಲಿ ಡೋವೆಲ್ ಪಿನ್ನಿನ ಕಾರ್ಯ

ಯಂತ್ರಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಕಾರ್ಖಾನೆ ಸ್ಥಾಪನೆಯಾದ ವರ್ಷ, ಸ್ಥಾಪಕರ ಹೆಸರು, ಉತ್ಪನ್ನದ ಮೊತ್ತ ಇವುಗಳನ್ನು ಹೇಳಿ ಮುಗಿಸುತ್ತಾರೆ. ಯಂತ್ರವೂ ಶಾಸನದಂತೆಯೇ ಓದಬಹುದಾದ ಒಂದು ದಾಖಲೆಯೆಂಬ ಭಾವನೆ ನಮ್ಮಲ್ಲಿ ಇನ್ನೂ ಬೇರೂರಿಲ್ಲ. ಆ ದಾಖಲೆಯ ಅತ್ಯಂತ ಕಿರಿದಾದ ಒಂದು ಅಕ್ಷರವನ್ನು, ಎಂದರೆ ಎಂಜಿನ್ನಿನ ಬ್ಲಾಕಿನಲ್ಲಿರುವ ಡೋವೆಲ್ ಪಿನ್ನನ್ನು, ಪರಿಚಯ ಮಾಡಿಕೊಡುವುದು ಈ ಲೇಖನದ ಉದ್ದೇಶ.

ಈ ವಿಷಯಕ್ಕೆ ಬೀರೂರಿನ ಸೀಮೆ ಪರಕೀಯವಲ್ಲ. ಬೆಂಗಳೂರಿನಿಂದ ಹೊರಟ ಮೀಟರ್ ಗೇಜ್ ರೈಲುಮಾರ್ಗವು ಬೀರೂರನ್ನು ಹಾದು 1889ರಲ್ಲಿ ಹರಿಹರವನ್ನು ಮುಟ್ಟಿತು. 1899ರಲ್ಲಿ ಬೀರೂರಿನಿಂದ ಶಿವಮೊಗ್ಗೆಗೆ ಕವಲುಮಾರ್ಗವಾಯಿತು. ಈ ಕವಲಿನ ಮೇಲಿರುವ ಭದ್ರಾವತಿಯಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆಯನ್ನು ಆರಂಭಿಸಿತು. ಅದಕ್ಕೆ ಅದಿರು ಬಂದುದು ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯ ಬೆಟ್ಟಗಳಿಂದ. ಮುಖ್ಯಮಾರ್ಗದ ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಸಂಸ್ಥೆ ಸ್ಥಾಪಿತವಾಗಿ ಲೇತುಗಳನ್ನು ತಯಾರಿಸಿತು. ಪುಣೆಯಲ್ಲಿ 1946ರಲ್ಲಿ ಆರಂಭವಾದ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಸಂಸ್ಥೆಯ ಎಂಜಿನ್ನುಗಳು ನಾಡಿನ ಬಾವಿಗಳ ಮೇಲೆ ಬಂದು ಕುಳಿತವು. ಅದಿರು, ಎರಕ, ಲೇತು, ಎಂಜಿನ್ನು ಹೀಗೆ ಒಂದಕ್ಕೊಂದು ಹೊಂದಿಕೊಂಡು ಬಂದಾಗ, ಬಿಚ್ಚಿ ಜೋಡಿಸುವ ವಿದ್ಯೆಯೂ ಜೊತೆಗೇ ಬೆಳೆಯಬೇಕಾಯಿತು.

ಎಂಜಿನ್ನಿನ ಬ್ಲಾಕೆಂಬುದು ಎರಕದ ಒಂದು ದೊಡ್ಡ ಪೆಟ್ಟಿಗೆ. ಅದರ ಮೇಲೆ ಸಿಲಿಂಡರಿನ ಹೆಡ್ಡು, ಮುಂದೆ ಹಲ್ಲುಚಕ್ರಗಳ ಮುಚ್ಚಳ, ಹಿಂದೆ ಕ್ಲಚ್ಚು ಗೇರುಗಳ ಕವಚ ಇವುಗಳನ್ನು ಬೋಲ್ಟುಗಳಿಂದ ಬಿಗಿಯುತ್ತಾರೆ. ಬೋಲ್ಟು ಬಿಗಿಯಬಲ್ಲುದು, ಆದರೆ ನೆಲೆಯನ್ನು ನಿರ್ಣಯಿಸಲಾರದು. ಬೋಲ್ಟು ಸಲೀಸಾಗಿ ತೂರಲೆಂದು ಅದರ ರಂಧ್ರವನ್ನು ಸ್ವಲ್ಪ ದೊಡ್ಡದಾಗಿಯೇ ಕೊರೆದಿರುತ್ತಾರೆ. ಆ ಸಡಿಲಿನಷ್ಟು ಭಾಗವು ಅತ್ತಿತ್ತ ಸರಿದು ಕೂರುವ ಅವಕಾಶ ಉಂಟು. ಈ ಅವಕಾಶವನ್ನು ಇಲ್ಲವಾಗಿಸಲು, ಗಟ್ಟಿಗೊಳಿಸಿ ನಯವಾಗಿ ಅರೆದ ಉಕ್ಕಿನ ಸಣ್ಣ ಕಂಬಿಯನ್ನು ಬ್ಲಾಕಿನಲ್ಲಿ ಬಿಗಿಯಾಗಿ ನಾಟಿ, ಎದುರು ಭಾಗದ ರಂಧ್ರಕ್ಕೆ ಅದು ಸರಿಯಾಗಿ ಇಳಿಯುವಂತೆ ಮಾಡುತ್ತಾರೆ. ಗಾಡಿಯ ಚಕ್ರ ಕಳಚದಂತೆ ಹಿಡಿಯುವ ಕೀಲಿಗೆ ಕಡೆಗೀಲೆಂಬ ಹೆಸರು ಕನ್ನಡದಲ್ಲಿ ಹಳೆಯದು. ಆ ಮಾದರಿಯಲ್ಲಿ ಡೋವೆಲ್ ಪಿನ್ನನ್ನು ನಾವು ಇಲ್ಲಿ ನೆಲೆಗೀಲೆಂದು ಕರೆಯುತ್ತೇವೆ.

ಒಂದು ಸಂಧಿಗೆ ಎರಡು ನೆಲೆಗೀಲುಗಳು ಸಾಕು. ಒಂದೇ ಇದ್ದರೆ ಭಾಗವು ಅದರ ಸುತ್ತ ತಿರುಗಬಹುದು. ಎರಡನೆಯದು ಆ ತಿರುಗುವಿಕೆಯನ್ನು ತಡೆಯುತ್ತದೆ. ಮೂರನೆಯದು ಹೊಸದಾಗಿ ಏನನ್ನೂ ನಿರ್ಣಯಿಸದೆ ಜೋಡಣೆಗೆ ತೊಡಕಾಗುತ್ತದೆ. ಇನ್ನು ಬಿಗಿಯ ಪ್ರಮಾಣ: 8 ಮಿಲಿಮೀಟರ್ ಅಳತೆಯ ಸಾಮಾನ್ಯ ನೆಲೆಗೀಲಿನ ನಿಜವಾದ ವ್ಯಾಸ 8.006ರಿಂದ 8.015 ಮಿಲಿಮೀಟರ್. ಮಿಲಿಮೀಟರಿನ ಸಾವಿರದ ಕೆಲವೇ ಭಾಗಗಳ ಈ ವ್ಯತ್ಯಾಸದ ಮೇಲೆ ಇಡೀ ಜೋಡಣೆ ನಿಂತಿದೆ.

ಕಾರ್ಖಾನೆಯಲ್ಲಿ ಬ್ಲಾಕನ್ನು ಕೊರೆದಾಗ ಕ್ರ್ಯಾಂಕ್ ಷಾಫ್ಟಿನ ಅಕ್ಷಕ್ಕೂ ಕವಚದ ನಡುವಿಗೂ ಯಾವ ಸಂಬಂಧವನ್ನು ಕಲ್ಪಿಸಿದರೋ ಆ ಸಂಬಂಧದ ಸಾಕ್ಷಿಯಾಗಿ ಉಳಿಯುವುದು ಈ ಕೀಲು ಮತ್ತು ಅದರ ರಂಧ್ರ. ಕೊರೆದವರು ಇಂದು ಇಲ್ಲದಿರಬಹುದು, ನಕ್ಷೆಗಳು ಕಳೆದುಹೋಗಿರಬಹುದು. ಸಾಕ್ಷ್ಯ ಮಾತ್ರ ಲೋಹದಲ್ಲಿ ಉಳಿದಿರುತ್ತದೆ. ಆದುದರಿಂದ ನೆಲೆಗೀಲನ್ನು ಅಜಾಗರೂಕತೆಯಿಂದ ಕೀಳುವುದೆಂದರೆ ದಾಖಲೆಯನ್ನು ಕೆಡಿಸಿದಂತೆಯೇ ಸರಿ.

ಹಾಗಾದರೆ ಕೀಳುವುದೇಕೆ? ಬ್ಲಾಕಿನ ಮುಖವು ಸೊಟ್ಟಗಾಗಿದ್ದರೆ ಅದನ್ನು ಅರೆದು ಸಮಮಾಡಬೇಕು. ಮೇಲೆದ್ದ ಕೀಲು ಅರೆಯುವ ಕಲ್ಲಿಗೆ ಅಡ್ಡಬರುತ್ತದೆ. ಕೀಲು ಬಾಗಿದ್ದರೆ, ತುಕ್ಕು ತಿಂದಿದ್ದರೆ, ಸಡಿಲವಾಗಿದ್ದರೆ ಬದಲಿಸಲೇಬೇಕು. ಈ ಕಾರಣಗಳಾವುವೂ ಇಲ್ಲದಿದ್ದಲ್ಲಿ ಅದನ್ನು ಮುಟ್ಟದಿರುವುದೇ ಉತ್ತಮ.

ಕೀಳುವ ಮುನ್ನ ಕೀಲು ಮುಖದಿಂದ ಎಷ್ಟು ಮೇಲೆದ್ದಿದೆಯೆಂಬುದನ್ನು ಅಳೆದು ಬರೆದಿಡತಕ್ಕದ್ದು. ರಂಧ್ರವು ಆಚೆಗೆ ತೂರಿದ್ದರೆ ಹಿಂದಿನಿಂದ ತಕ್ಕ ಗಾತ್ರದ ಸಲಾಕೆಯಿಟ್ಟು ಹೊಡೆದರೆ ಸಾಕು. ರಂಧ್ರದ ತಳ ಮುಚ್ಚಿದ್ದಾಗಲೇ ಕಷ್ಟ. ಆಗ ಕೀಲನ್ನು ಸುತ್ತಲೂ ಸಮವಾಗಿ ಹಿಡಿಯುವ ಹಿಡಿಕೆಯನ್ನು ತೊಡಿಸಿ, ಅದರ ದಂಡದ ಮೇಲೆ ಜಾರುವ ತೂಕದ ಗುಂಡಿನಿಂದ ಹಿಮ್ಮುಖವಾಗಿ ಹೊಡೆದು ನೇರವಾಗಿ ಹೊರಕ್ಕೆಳೆಯುತ್ತಾರೆ. ಬೋಲ್ಟನ್ನು ಸುತ್ತುವರಿದ ಟೊಳ್ಳು ಕೀಲಾದರೆ ಬೋಲ್ಟನ್ನು ತೆಗೆದ ಮೇಲೆ ಒಳಗೆ ಸರಿಹೊಂದುವ ಸರಳನ್ನಿಟ್ಟು ಅನಂತರ ಇಕ್ಕಳ ಹಾಕಬೇಕು. ಇಲ್ಲದಿದ್ದರೆ ಅದು ನಜ್ಜುಗುಜ್ಜಾಗುತ್ತದೆ. ಇಕ್ಕಳದಿಂದ ಅತ್ತಿತ್ತ ತಿರುಚಿ ಕೀಳುವುದು ರಂಧ್ರದ ಬಾಯನ್ನು ಅಗಲಮಾಡುವ ಮಾರ್ಗ.

ಕೀಲು ಕಚ್ಚಿಕೊಂಡಿದ್ದರೆ ಕಾವು ನೆರವಾಗುತ್ತದೆ. 8 ಮಿಲಿಮೀಟರಿನ ರಂಧ್ರವು 100 ಡಿಗ್ರಿ ಸೆಂಟಿಗ್ರೇಡ್ ಕಾವೇರಿದಾಗ ಸುಮಾರು ಮಿಲಿಮೀಟರಿನ ಸಾವಿರದ 9 ಭಾಗದಷ್ಟು ಹಿಗ್ಗುತ್ತದೆ. ಇದು ಬಿಗಿಯ ಪ್ರಮಾಣಕ್ಕೆ ಸರಿಸಮಾನವೇ. ಆದರೆ ಉಕ್ಕೂ ಬೀಡುಕಬ್ಬಿಣವೂ ಹೆಚ್ಚುಕಡಿಮೆ ಸಮವಾಗಿ ಹಿಗ್ಗುವುದರಿಂದ, ಕೀಲಿಗೆ ಕಾವು ತಗಲುವ ಮೊದಲು ಸುತ್ತಲಿನ ಎರಕವನ್ನು ಬೇಗನೆ ಕಾಯಿಸಿದರೆ ಮಾತ್ರ ಫಲ. ಗಟ್ಟಿಗೊಳಿಸಿದ ಉಕ್ಕಿಗೆ ಸುತ್ತಿಗೆ ತಗುಲಿದರೆ ಚೂರು ಸಿಡಿಯುವ ಸಂಭವವುಂಟಾದುದರಿಂದ ಕಣ್ಣಿಗೆ ಕನ್ನಡಕ ಅವಶ್ಯ.

ಮರಳಿ ನಾಟುವುದೂ ಅಷ್ಟೇ ಎಚ್ಚರದ ಕೆಲಸ. ಗಾಯಗೊಂಡ ಹಳೆಯ ಕೀಲನ್ನು ಬಳಸಬಾರದು. ರಂಧ್ರವನ್ನು ಶುಚಿಮಾಡಿ, ತಳದಲ್ಲಿ ಎಣ್ಣೆ ನಿಲ್ಲದಂತೆ ಒರೆಸಬೇಕು. ಮುಚ್ಚಿದ ರಂಧ್ರದಲ್ಲಿ ಸಿಕ್ಕಿದ ಎಣ್ಣೆ ಹೊರದಾರಿ ಕಾಣದೆ ಎರಕವನ್ನು ಬಿರಿಯಿಸಬಲ್ಲುದು. ಕೀಲನ್ನು ತಣ್ಣಗೆ ಮಾಡಿಟ್ಟರೆ ಸುಲಭವಾಗಿ ಇಳಿಯುತ್ತದೆ. ಬರೆದಿಟ್ಟ ಎತ್ತರಕ್ಕೆ ಬಂದಾಗ ನಿಲ್ಲಿಸಬೇಕು. ಕೀಲು ಹೆಚ್ಚು ಮೇಲೆದ್ದರೆ ಎದುರು ರಂಧ್ರದ ತಳಕ್ಕೆ ತಾಗಿ ಎರಡು ಮುಖಗಳೂ ಕೂಡವು, ಗ್ಯಾಸ್ಕೆಟ್ಟು ಸೋರುತ್ತದೆ. ರಂಧ್ರವೇ ಸವೆದಿದ್ದರೆ ಎರಡು ಭಾಗಗಳನ್ನೂ ಸರಿಯಾದ ನೆಲೆಯಲ್ಲಿ ಜೋಡಿಸಿಕೊಂಡು ಒಟ್ಟಿಗೆ ರೀಮರಿನಿಂದ ಹಿಗ್ಗಿಸಿ, ದೊಡ್ಡ ಗಾತ್ರದ ಕೀಲನ್ನು ನಾಟತಕ್ಕದ್ದು. ಬೇರೆ ಬೇರೆಯಾಗಿ ಹಿಗ್ಗಿಸಿದರೆ ಮೂಲ ಸಂಬಂಧ ಕೆಟ್ಟಂತೆಯೇ.

ಕೊನೆಯಲ್ಲಿ ಪರೀಕ್ಷೆ. ಕವಚವನ್ನು ಬಿಗಿದು, ಕ್ರ್ಯಾಂಕ್ ಷಾಫ್ಟಿಗೆ ಡಯಲ್ ಗೇಜನ್ನು ಕಟ್ಟಿ ಒಂದು ಸುತ್ತು ತಿರುಗಿಸಿದಾಗ ಮುಳ್ಳಿನ ಒಟ್ಟು ಓಟವು ಅನೇಕ ಎಂಜಿನ್ನುಗಳಲ್ಲಿ ಇಂಚಿನ ಸಾವಿರದ 5 ಭಾಗವನ್ನು ಮೀರಬಾರದು. ಮೀರಿದ ಎಂಜಿನ್ನೂ ಓಡುತ್ತದೆ. ಆದರೆ ಕ್ಲಚ್ಚು ಬೇಗ ಸವೆಯುತ್ತದೆ, ಗೇರಿನ ಬೇರಿಂಗು ಕೆಡುತ್ತದೆ. ಕಾರಣ ಕಾಣದ ಈ ರೋಗಕ್ಕೆ ಮಾಲೀಕನು ಮತ್ತೆ ಮತ್ತೆ ಹಣ ತೆರುತ್ತಾನೆ.

ಬೀರೂರಿಗೆ ದೂರವಲ್ಲದ ಅಮೃತಾಪುರದ ಅಮೃತೇಶ್ವರ ದೇವಾಲಯವು ಹೊಯ್ಸಳ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ, ನಿರ್ಮಿತವಾಯಿತು. ಅಂತಹ ಗುಡಿಯೊಂದನ್ನು ಬಿಚ್ಚಿ ಕಟ್ಟಬೇಕಾದಾಗ ಕಲ್ಲುಕಲ್ಲಿಗೂ ಅಂಕೆ ಹಾಕಿ, ನಕ್ಷೆ ಬರೆದು, ಅನಂತರವೇ ಕೈಹಾಕಬೇಕೆಂಬುದನ್ನು ನಾವು ವಿದ್ಯಾರ್ಥಿಗಳಿಗೆ ಬೋಧಿಸುತ್ತೇವೆ. ಗುಜರಿಗೆ ಹೋಗಲು ಕಾದಿರುವ ಹಳೆಯ ಎಂಜಿನ್ನಿಗೂ ಅದೇ ಮರ್ಯಾದೆ ಸಲ್ಲಬೇಕು. ಕಾಲೇಜಿನ ಚರಿತ್ರೆಯ ವಿದ್ಯಾರ್ಥಿಗಳು ತಮ್ಮ ಊರಿನ ಯಂತ್ರಗಳ ಪಟ್ಟಿ ಮಾಡುವಾಗ ನಿರ್ಮಾಪಕರ ಫಲಕವನ್ನು ನಕಲಿಳಿಸಿಕೊಂಡರಷ್ಟೇ ಸಾಲದು. ಕೀಲುಗಳ ಸ್ಥಾನ, ಗಾತ್ರ, ಎತ್ತರಗಳನ್ನೂ, ಅವನ್ನು ಬದಲಿಸಿದ ಮಿಸ್ತ್ರಿಯ ವಿವರಣೆಯನ್ನೂ ಬರೆದುಕೊಳ್ಳಬೇಕು. ಆ ಮಿಸ್ತ್ರಿಯ ತಿಳಿವಳಿಕೆ ಯಾವ ಕಡತದಲ್ಲಿಯೂ ದೊರೆಯುವಂಥದಲ್ಲ.