ಅಳತೆಗೆ ಸಿಕ್ಕದ ವಿಷ

ಜಯಲಕ್ಷ್ಮಿಪುರಂನ ಯಾವುದಾದರೊಂದು ಔಷಧದ ಅಂಗಡಿಯಲ್ಲಿ ಕೆಮ್ಮಿನ ಔಷಧವನ್ನು ಕೊಂಡು ಸೀಸೆಯ ಮೇಲಿನ ಚೀಟಿಯನ್ನು ಓದಿ ನೋಡಿರಿ. ಅದರಲ್ಲಿ ಏನೇನು ಎಷ್ಟೆಷ್ಟಿದೆ, ಯಾರು ಎಂದು ತಯಾರಿಸಿದರು ಎಂಬುದೆಲ್ಲ ಅಚ್ಚಾಗಿರುತ್ತದೆ. ಕಳ್ಳತನದಲ್ಲಿ ಮಾರುವ ಮಾದಕ ವಸ್ತುವಿಗೆ ಇಂತಹ ಚೀಟಿ ಎಲ್ಲಿಯದು? ಆದುದರಿಂದ, ಮಾರಾಟಕ್ಕೆ ಅನುಮತಿ ಕೊಟ್ಟರೆ ಕಲಬೆರಕೆಯಾದರೂ ತಪ್ಪೀತೆಂದು ವಾದಿಸುವವರುಂಟು. 2018ರಲ್ಲಿ ಗಾಂಜಾ ಮಾರಾಟಕ್ಕೆ ಅನುಮತಿಯಿತ್ತ ಕೆನಡಾ ದೇಶವು ಅದರ ಸತ್ತ್ವವೆಷ್ಟೆಂದು ಪೊಟ್ಟಣದ ಮೇಲೆ ನಮೂದಿಸಬೇಕೆಂದೂ ಕೀಟನಾಶಕದ ಶೇಷವನ್ನು ಪರೀಕ್ಷಿಸಬೇಕೆಂದೂ ವಿಧಿಸಿತು. ವಾದದಲ್ಲಿ ಹುರುಳಿದೆ. ಅದು ಎಷ್ಟು ದೂರ ಸಾಗೀತೆಂಬುದನ್ನು ನಮ್ಮ ನಾಡಿನ ಸಾರಾಯಿಯ ಇತಿಹಾಸದಿಂದಲೇ ತಿಳಿಯಬಹುದು.

ಮದ್ಯದಲ್ಲಿ ಅಮಲೇರಿಸುವ ಅಂಶ ಈಥೈಲ್ ಆಲ್ಕೊಹಾಲ್. ಅದರ ಸೋದರನಾದ ಮೀಥೈಲ್ ಆಲ್ಕೊಹಾಲ್ ಕೈಗಾರಿಕೆಗಳಿಗೆ ಬೇಕಾದ ದ್ರವ. ನೋಡಲು ನೀರಿನಂತೆ ತಿಳಿ. ದೇಹದೊಳಗೆ ಅದು ಮೊದಲು ಫಾರ್ಮಾಲ್ಡಿಹೈಡ್, ಬಳಿಕ ಫಾರ್ಮಿಕ್ ಆಮ್ಲವಾಗಿ ಮಾರ್ಪಟ್ಟು ಕಣ್ಣಿನ ನರವನ್ನು ಹಾಳುಮಾಡುತ್ತದೆ, ಪ್ರಾಣವನ್ನೂ ತೆಗೆಯುತ್ತದೆ. ಕುಡಿದ ಕೂಡಲೆ ಅಪಾಯ ತೋರದು. ಹಲವು ಗಂಟೆಗಳ ಅನಂತರ ದೃಷ್ಟಿ ಮಂಜಾಗತೊಡಗುವ ವೇಳೆಗೆ ಅದೇ ಪೀಪಾಯಿಯಿಂದ ಇನ್ನೆಷ್ಟು ಮಂದಿ ಕುಡಿದಿರುತ್ತಾರೊ!

ಇವೆರಡನ್ನು ಗುರುತಿಸುವುದು ಹೇಗೆ? ಮದ್ಯದ ಕಡುಪನ್ನು ಅಳೆಯಲು ಹೈಡ್ರಾಮೀಟರ್ ಉಂಟು. ಹಾಲು ಪರೀಕ್ಷಿಸುವ ಲ್ಯಾಕ್ಟೋಮೀಟರ್ ಅದೇ ಜಾತಿಯದು. ಅದು ತಿಳಿಸುವುದು ಸಾಂದ್ರತೆಯನ್ನು ಮಾತ್ರ. ದುರದೃಷ್ಟವಶಾತ್, ಎರಡು ಆಲ್ಕೊಹಾಲ್‌ಗಳ ಸಾಂದ್ರತೆಯೂ ಘನ ಸೆಂಟಿಮೀಟರಿಗೆ ಸುಮಾರು 0.79 ಗ್ರಾಂ! ಕುದಿಬಿಂದುಗಳೇನೋ ಬೇರೆ: ಒಂದರದು 78 ಡಿಗ್ರಿ, ಇನ್ನೊಂದರದು 65. ವಕ್ರೀಭವನಾಂಕಗಳೂ ಬೇರೆ: 1.361 ಮತ್ತು 1.329. ಆದರೆ ನೀರಿನದು 1.333, ಮೂರೂ ಬೆರೆತರೆ ಒಂದೇ ಅಂಕಿಯಿಂದ ಏನೂ ನಿಶ್ಚಯವಾಗದು. ದ್ರವವನ್ನು ಆವಿಯಾಗಿಸಿ ಘಟಕಗಳನ್ನು ಬೇರ್ಪಡಿಸುವ ಗ್ಯಾಸ್ ಕ್ರೊಮಟೋಗ್ರಾಫ್ ಯಂತ್ರದ ಮುಂದೆ ಗುಟ್ಟು ಬಯಲಾಗುತ್ತದೆ. ಅಂತಹ ಯಂತ್ರವಿರುವುದು ಪ್ರಯೋಗಶಾಲೆಯಲ್ಲಿ. ಗುಡಿಸಲಿನ ಹಿಂದೆ ಕೊಡದಲ್ಲಿ ಮಾರುವವನ ಬಳಿಯಲ್ಲಲ್ಲ.

2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಮರುವರ್ಷದ ಮೇ ತಿಂಗಳಿನಲ್ಲಿ ಬೆಂಗಳೂರು, ಕೋಲಾರದ ಕಡೆಯಲ್ಲೂ ನೆರೆಯ ತಮಿಳುನಾಡಿನ ಕೃಷ್ಣಗಿರಿಯ ಕಡೆಯಲ್ಲೂ ಮೀಥೈಲ್ ಬೆರೆತ ಕಳ್ಳಭಟ್ಟಿಯನ್ನು ಕುಡಿದು 150ಕ್ಕೂ ಹೆಚ್ಚು ಮಂದಿ ಸತ್ತರು. ಅನುಮತಿಯ ಪಕ್ಷದವರು ಇದನ್ನೇ ಸಾಕ್ಷಿಯಾಗಿ ಹಿಡಿಯುವುದು ಸಹಜ. ಅವರು 1981ರ ಜುಲೈಯನ್ನೂ ನೆನೆಯಬೇಕು. ಅಂದು ಸಾರಾಯಿ ಮಾರಾಟಕ್ಕೆ ಕಾನೂನಿನ ಅಡ್ಡಿಯಿರಲಿಲ್ಲ, ಪರವಾನಗಿಯ ಅಂಗಡಿಗಳಿದ್ದವು. ಆದರೂ ವಿಷಮದ್ಯದಿಂದ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಜನ ಮಡಿದರು. ಪರೀಕ್ಷೆಗೂ ಸುಂಕಕ್ಕೂ ಖರ್ಚುಂಟು. ಆ ಖರ್ಚು ಸರಕಿನ ಬೆಲೆಗೆ ಸೇರುತ್ತದೆ. ಎರಡನ್ನೂ ತಪ್ಪಿಸಿದ ಸರಕು ಅಗ್ಗವಾಗಿಯೇ ಉಳಿಯುತ್ತದೆ, ಮತ್ತು ದಿನಗೂಲಿಯವನ ಕೈ ಮೊದಲು ಹೋಗುವುದು ಅದರ ಕಡೆಗೇ.