ಸ್ಫಟಿಕದೊಳಗಿನ ಹೊನ್ನೆಳೆ: ರೂಟೈಲ್ ಹರಳನ್ನು ಆರಿಸುವ ಬಗೆ

ಹರಳಿನೊಳಗೆ ಕಾಣುವ ಗೆರೆ, ಚುಕ್ಕೆ, ಮಬ್ಬುಗಳನ್ನು ಭಾರತದ ರತ್ನಪರೀಕ್ಷೆಯ ಪರಂಪರೆ ದೋಷಗಳೆಂದೇ ಎಣಿಸುತ್ತ ಬಂದಿದೆ. ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿಯೂ ರತ್ನಗಳ ವಿಚಾರಕ್ಕೆ ಸ್ಥಾನ ದೊರೆತಿದೆ. ಜಪಮಾಲೆಗೂ ಲಿಂಗಕ್ಕೂ ಬಳಕೆಯಾಗುವ ಸ್ಫಟಿಕದ ವಿಷಯದಲ್ಲಂತೂ ತಿಳಿನೀರಿನಂಥ ನಿರ್ಮಲತೆಯೇ ಮೊದಲ ಗುಣ. ಆದರೆ ಒಳಗೆ ಹೊಂಬಣ್ಣದ ಸೂಜಿಗಳು ತುಂಬಿರುವ ರೂಟೈಲ್ ಸ್ಫಟಿಕವನ್ನು ಈ ಅಳತೆಗೋಲಿನಿಂದ ಅಳೆಯಲಾಗದು. ಅಲ್ಲಿ ಒಳಗೆ ಸೇರಿಕೊಂಡ ಅನ್ಯವಸ್ತುವೇ ಹರಳಿನ ಬೆಲೆಯನ್ನೂ ಚೆಲುವನ್ನೂ ನಿರ್ಧರಿಸುತ್ತದೆ. ಹಾಗೆಂದು ಒಳಗಿರುವುದೆಲ್ಲವೂ ಗುಣವೇ ಎಂದು ತಿಳಿದರೆ ಕೊಳ್ಳುವವರು ಮೋಸಹೋಗುತ್ತಾರೆ. ಯಾವುದು ಅಲಂಕಾರ, ಯಾವುದು ಬಿರುಕು ಎಂದು ಬೇರ್ಪಡಿಸಿ ನೋಡುವುದೇ ಈ ಹರಳಿನ ಆಯ್ಕೆಯಲ್ಲಿ ಬೇಕಾದ ಮುಖ್ಯ ವಿವೇಕ.

ಸ್ಫಟಿಕವೆಂದರೆ ಸಿಲಿಕಾನ್ ಡೈಆಕ್ಸೈಡ್, ರೂಟೈಲ್ ಎಂದರೆ ಟೈಟಾನಿಯಂ ಡೈಆಕ್ಸೈಡ್. ಗೋಡೆಗೆ ಬಳಿಯುವ ಬಣ್ಣಕ್ಕೆ ಬಿಳುಪು ಕೊಡುವುದು ಈ ಎರಡನೆಯ ಸಂಯುಕ್ತವೇ, ಮತ್ತು ಕೇರಳದ ಕಡಲತೀರದ ಖನಿಜ ಮರಳಿನಲ್ಲಿ ದೊರೆಯುವ ರೂಟೈಲ್ ಕೂಡ ಇದೇ ಖನಿಜ. ಸಿಲಿಕಾ ಕರಗಿದ ಬಿಸಿ ದ್ರವವು ಬಂಡೆಗಳ ಸೀಳುಗಳಲ್ಲಿ ಹರಿದು ನಿಧಾನವಾಗಿ ತಣಿಯುವಾಗ ಸ್ಫಟಿಕ ಬೆಳೆಯುತ್ತದೆ; ಅಲ್ಲಿ ಅದಾಗಲೇ ಮೂಡಿರುವ ಅಥವಾ ಜೊತೆಜೊತೆಯಾಗಿ ಮೂಡುತ್ತಿರುವ ರೂಟೈಲ್ ಸೂಜಿಗಳನ್ನು ಆ ಸ್ಫಟಿಕವು ಸುತ್ತುವರಿದು ತನ್ನೊಳಗೆ ಹುದುಗಿಸಿಕೊಳ್ಳುತ್ತದೆ. ಬೆಳಕನ್ನು ಬಾಗಿಸುವ ಶಕ್ತಿಯನ್ನು ಸೂಚಿಸುವ ವಕ್ರೀಭವನಾಂಕವು ಸ್ಫಟಿಕಕ್ಕೆ ಸುಮಾರು 1.55 ಇದ್ದರೆ ರೂಟೈಲ್‌ಗೆ 2.6ಕ್ಕಿಂತ ಹೆಚ್ಚು, ಅಂದರೆ ವಜ್ರದ 2.42ಕ್ಕಿಂತಲೂ ಅಧಿಕ. ಆದ್ದರಿಂದಲೇ ಚಿನ್ನದ ಲವಲೇಶವೂ ಇಲ್ಲದ ಈ ಎಳೆಗಳು ಚಿನ್ನದಂತೆ ಥಳಥಳಿಸುತ್ತವೆ. ತೆಳ್ಳಗಿನ ಸೂಜಿ ಸಾಮಾನ್ಯವಾಗಿ ಹೊಂಬಣ್ಣವಾಗಿ ಕಂಡರೆ ದಪ್ಪನೆಯದು ತಾಮ್ರಗೆಂಪಿಗೆ ಅಥವಾ ಕಂದು ಬಣ್ಣಕ್ಕೆ ತಿರುಗುತ್ತದೆ.

ಆಭರಣಯೋಗ್ಯವಾದ ರೂಟೈಲ್ ಸ್ಫಟಿಕಕ್ಕೆ ಬ್ರೆಜಿಲ್ ದೇಶ ಹೆಸರುವಾಸಿ. ಅದರಲ್ಲೂ ಬಹಿಯಾ ರಾಜ್ಯದ ನೋವೋ ಒರಿಜೋಂಟೆ ಎಂಬಲ್ಲಿ ಸಿಗುವ ಕೆಲವು ಹರಳುಗಳಲ್ಲಿ ಕಬ್ಬಿಣದ ಅದಿರಾದ ಹೆಮಟೈಟ್‌ನ ಕಪ್ಪು ಬಿಲ್ಲೆಯೊಂದನ್ನು ನಡುವಿಗಿಟ್ಟುಕೊಂಡು ಚಿನ್ನದ ಬಣ್ಣದ ಸೂಜಿಗಳು ಆರು ದಿಕ್ಕಿಗೆ ನಕ್ಷತ್ರದಂತೆ ಹರಡಿರುತ್ತವೆ. ಹೆಮಟೈಟ್‌ನ ಅಣುಜೋಡಣೆಯ ಷಟ್ಕೋನ ವಿನ್ಯಾಸವನ್ನೇ ಅನುಸರಿಸಿ ರೂಟೈಲ್ ಬೆಳೆದಿರುವುದು ಇದಕ್ಕೆ ಕಾರಣ. ಒಡೆಯದೆ, ಓರೆಯಾಗದೆ ಇಂಥ ನಕ್ಷತ್ರವೊಂದು ಹರಳಿನ ನಡುವಿನಲ್ಲಿ ನಿಂತಿದ್ದರೆ ಅದು ನಿಜಕ್ಕೂ ಅಪರೂಪದ ವಸ್ತು, ಅದಕ್ಕೆ ಹೆಚ್ಚು ಬೆಲೆ ತೆರುವುದು ನ್ಯಾಯವೇ. ಇಂಥ ಅರೆಪ್ರಶಸ್ತ ಹರಳುಗಳಿಗೆ ಸಾಣೆ ಹಿಡಿಯುವ ದೊಡ್ಡ ಕೇಂದ್ರ ನಮ್ಮ ದೇಶದಲ್ಲಿ ಜೈಪುರ.

ಸಾಣೆಯ ಬಗೆಗಳಲ್ಲಿ ಕ್ಯಾಬೋಷನ್ ಎಂದರೆ ತಳ ಚಪ್ಪಟೆಯಾಗಿ ಮೇಲ್ಭಾಗ ನುಣುಪಾದ ಗುಮ್ಮಟದಂತೆ ಇರುವ ಹರಳು. ವಜ್ರಕ್ಕೆ ಕೊಡುವಂತೆ ಹಲವು ಮುಖಗಳನ್ನು ಕೊಟ್ಟರೆ ಪ್ರತಿಯೊಂದು ಮುಖವೂ ಒಳಗಿನ ಸೂಜಿಗಳನ್ನು ತುಂಡುತುಂಡಾಗಿ ತೋರಿಸಿ ಚಿತ್ರವನ್ನು ಕದಡುತ್ತದೆ, ಗುಮ್ಮಟವಾದರೆ ಅವುಗಳ ಹರಹನ್ನು ಇಡಿಯಾಗಿ ಕಾಣಿಸುತ್ತದೆ. ಸೂಜಿಗಳು ಒತ್ತಾಗಿ ಸಮಾನಾಂತರವಾಗಿದ್ದು ಸಾಣೆಗಾರನು ತಳವನ್ನು ಅವಕ್ಕೆ ಸಮಾನಾಂತರವಾಗಿ ಇರಿಸಿಕೊಂಡಿದ್ದರೆ, ಒಂದೇ ದೀಪದ ಬೆಳಕಿನಲ್ಲಿ ಗುಮ್ಮಟದ ಮೇಲೆ ಬೆಕ್ಕಿನ ಕಣ್ಣಿನಂಥ ಹೊಳೆಯುವ ಪಟ್ಟಿಯೊಂದು ಮೂಡಿ, ಹರಳನ್ನು ತಿರುಗಿಸಿದಂತೆ ಅತ್ತಿತ್ತ ಸರಿಯುತ್ತದೆ.

ಆಯ್ಕೆಯಲ್ಲಿ ಮೊದಲು ನೋಡಬೇಕಾದದ್ದು ಸೂಜಿಗಳ ಸಂಖ್ಯೆಯನ್ನಲ್ಲ, ಅವುಗಳ ನಡುವಿನ ಸ್ಫಟಿಕದ ತಿಳಿತನವನ್ನು. ತಿಳಿಯಾದ ಹರಳಿನಲ್ಲಿ ಹತ್ತೇ ಎಳೆಗಳಿದ್ದರೂ ಅವು ಬೇರೆಬೇರೆ ಆಳಗಳಲ್ಲಿ ನಿಂತು ಒಳಗೊಂದು ಅವಕಾಶವನ್ನು ಸೃಷ್ಟಿಸುತ್ತವೆ. ಮಬ್ಬು ಹರಳಿನಲ್ಲಿ ನೂರಾರು ಎಳೆಗಳಿದ್ದರೂ ಹಳದಿ ಕಲೆಯಷ್ಟೇ ಕಾಣುತ್ತದೆ. ಅಂಗಡಿಯ ಹಳದಿ ದೀಪ ಈ ಹರಳಿಗೆ ಇಲ್ಲದ ಹೊನ್ನನ್ನು ಲೇಪಿಸುವುದರಿಂದ ಅದನ್ನು ಬಾಗಿಲ ಬಳಿಯ ಹಗಲು ಬೆಳಕಿಗೆ ತಂದು, ಬಿಳಿ ಕಾಗದದ ಮೇಲೊಮ್ಮೆ, ಕಪ್ಪು ಬಟ್ಟೆಯ ಮೇಲೊಮ್ಮೆ ಇಟ್ಟು, ನಿಧಾನವಾಗಿ ಓರೆ ಮಾಡಿ ನೋಡಬೇಕು. ರೂಟೈಲ್ ಸೂಜಿ ನೇರವಾಗಿದ್ದು ಅದರ ಅಂಚು ಸ್ಪಷ್ಟವಾಗಿರುತ್ತದೆ. ಬಿರುಕು ಹಾಳೆಯಂತೆ ಅಗಲವಾಗಿದ್ದು ಒಂದು ಕೋನದಲ್ಲಿ ಕನ್ನಡಿಯಂತೆ ಮಿಂಚಿ ಮತ್ತೊಂದರಲ್ಲಿ ಮಾಯವಾಗುತ್ತದೆ, ಕೆಲವೊಮ್ಮೆ ಕಾಮನಬಿಲ್ಲಿನ ಬಣ್ಣವನ್ನೂ ತೋರುತ್ತದೆ. ಅಂಚಿನವರೆಗೆ ಹಬ್ಬಿದ ಬಿರುಕಿರುವ ಹರಳು ಎಷ್ಟೇ ಸುಂದರವಾಗಿದ್ದರೂ ಉಂಗುರಕ್ಕೆ ತಕ್ಕುದಲ್ಲ.

ಗುಮ್ಮಟದ ಮೇಲೆ ಟ್ಯೂಬ್‌ಲೈಟಿನ ಪ್ರತಿಬಿಂಬ ಬೀಳುವಂತೆ ಹಿಡಿದರೆ ಸಾಣೆಯ ಗುಣ ತಿಳಿಯುತ್ತದೆ. ಮೋಹ್ಸ್ ಎಂಬ ಗಡಸುತನದ ಮಾನದಲ್ಲಿ ಸ್ಫಟಿಕ 7, ರೂಟೈಲ್ 6ರಿಂದ 6.5. ಹೀಗಾಗಿ ಮೇಲ್ಮೈಯನ್ನು ಮುಟ್ಟುವ ಸೂಜಿಗಳು ಸಾಣೆಯಲ್ಲಿ ಬೇಗ ಸವೆದು ಅಲ್ಲಿ ಸಣ್ಣ ಗುಳಿ ಅಥವಾ ಗೀರು ಉಳಿಯುತ್ತದೆ, ಪ್ರತಿಬಿಂಬದ ಗೆರೆ ಅಲ್ಲಿ ಮುರಿಯುತ್ತದೆ. ತಳವನ್ನೂ ಮಗುಚಿ ನೋಡಬೇಕು. ಹರಳಿನ ಬೆಲೆ ಕ್ಯಾರೆಟ್‌ನ ಲೆಕ್ಕದಲ್ಲಿರುವಾಗ (ಒಂದು ಕ್ಯಾರೆಟ್ ಎಂದರೆ 0.2 ಗ್ರಾಂ) ತಳದ ದಪ್ಪ ನೇರವಾಗಿ ಕೊಳ್ಳುವವರ ಕೈಯಿಂದ ಹಣ ಕೀಳುತ್ತದೆ: 18 ಮಿ.ಮೀ. ಉದ್ದ, 13 ಮಿ.ಮೀ. ಅಗಲ, 6 ಮಿ.ಮೀ. ಎತ್ತರದ ಅಂಡಾಕಾರದ ಹರಳು ಸುಮಾರು 10 ಕ್ಯಾರೆಟ್ ತೂಗಿದರೆ, ಅದರಡಿಯಲ್ಲಿ 2 ಮಿ.ಮೀ. ಹೆಚ್ಚುವರಿ ಕಲ್ಲನ್ನು ಉಳಿಸಿದಾಗ ತೂಕ ಸುಮಾರು 15 ಕ್ಯಾರೆಟ್‌ಗೆ ಏರುತ್ತದೆ, ಆಭರಣದಲ್ಲಿ ಕಾಣುವ ಮುಖ ಮಾತ್ರ ಅಷ್ಟೇ ಇರುತ್ತದೆ. ಸೂಜಿಗಳ ಆಳವಾದ ವಿನ್ಯಾಸವನ್ನು ಉಳಿಸಲು ದಪ್ಪ ಬಿಟ್ಟಿದ್ದರೆ ಅದು ಒಪ್ಪತಕ್ಕದ್ದು.

ಸ್ಫಟಿಕದಲ್ಲಿ ಸೂಜಿಯಂತೆ ಕಾಣುವುದೆಲ್ಲ ರೂಟೈಲ್ ಅಲ್ಲ. ‘ಕಪ್ಪು ರೂಟೈಲ್’ ಎಂಬ ಹೆಸರಿನಲ್ಲಿ ಮಾರಾಟವಾಗುವ ಹರಳುಗಳಲ್ಲಿ ಬಹುಪಾಲು ಇರುವುದು ಟೂರ್ಮಲಿನ್ ಖನಿಜ; ಹಸಿರು ಎಳೆಗಳು ಸಾಮಾನ್ಯವಾಗಿ ಆಕ್ಟಿನೊಲೈಟ್; ಇನ್ನು ಕೆಲವು ಹರಳುಗಳಲ್ಲಿ ಟೊಳ್ಳು ಕೊಳವೆಗಳಿಗೆ ಕಬ್ಬಿಣದ ತುಕ್ಕಿನಂಥ ಬಣ್ಣ ತಗುಲಿ ಹಳದಿ ಸೂಜಿಗಳ ಭ್ರಮೆ ಹುಟ್ಟುತ್ತದೆ. ಇವೂ ನೈಸರ್ಗಿಕವೇ, ಆದರೆ ಬೇರೆ ಹೆಸರಿಗೂ ಬೇರೆ ಬೆಲೆಗೂ ಸೇರಿದವು. ಗಾಜಿನ ನಕಲು ಇದಕ್ಕಿಂತ ಬೇರೆ ಮಾತು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್‌ನಲ್ಲಿ ದುಂಡನೆಯ ಗಾಳಿಗುಳ್ಳೆಗಳು ಕಂಡರೆ ಗಾಜೆಂದು ಶಂಕಿಸಬೇಕು, ಮತ್ತು ಬೆಲೆ ದೊಡ್ಡದಾಗಿದ್ದರೆ ರತ್ನಪರೀಕ್ಷಾ ಪ್ರಯೋಗಾಲಯದ ವರದಿಯನ್ನು ಕೇಳಬೇಕು.

ಹರಳನ್ನು ಆಭರಣದಲ್ಲಿ ಕೂರಿಸುವಾಗ ಅದರ ಸುತ್ತಲೂ ಲೋಹದ ಅಂಚನ್ನು ಮಡಿಸಿ ಹಿಡಿಯುವ ಕಟ್ಟು ಕ್ಯಾಬೋಷನ್‌ಗೆ ಒಳ್ಳೆಯ ರಕ್ಷಣೆ ಕೊಡುತ್ತದೆ. ಬೆಳಕು ಹಾಯುವಂತೆ ಹಿಂಬದಿಯನ್ನು ತೆರೆದಿಟ್ಟರೆ ಎಳೆಗಳು ಜೀವಂತವಾಗಿ ಕಾಣುತ್ತವೆ. ಪದಕ, ಓಲೆಗಳಿಗೆ ಎತ್ತರದ ಗುಮ್ಮಟ ಒಪ್ಪುತ್ತದೆ, ದಿನವೂ ಧರಿಸುವ ಉಂಗುರಕ್ಕೆ ತಗ್ಗಿನದೇ ಮೇಲು. ರಿಪೇರಿಯ ಸಮಯದಲ್ಲಿ ಬೆಸುಗೆಯ ಜ್ವಾಲೆ ತಾಗುವ ಮೊದಲೇ ಹರಳನ್ನು ಬಿಚ್ಚಿಸಬೇಕು, ಏಕೆಂದರೆ ಹಠಾತ್ ಶಾಖಕ್ಕೆ ಅದು ಸೀಳಬಹುದು, ಮೇಲಾಗಿ 573 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸ್ಫಟಿಕದ ಒಳರಚನೆಯೇ ಬದಲಾಗುತ್ತದೆ. ಮನೆಯಲ್ಲಿ ಉಗುರುಬೆಚ್ಚಗಿನ ಸಾಬೂನು ನೀರು ಮತ್ತು ಮೃದುವಾದ ಬಟ್ಟೆ ಸಾಕು. ಧೂಳಿನಲ್ಲಿಯೂ ಸ್ಫಟಿಕದ ಕಣಗಳಿರುವುದರಿಂದ ಒಣಬಟ್ಟೆಯಿಂದ ಉಜ್ಜಿದರೆ ಹೊಳಪು ಕ್ರಮೇಣ ಮಾಸುತ್ತದೆ.

ಧನಲಾಭ, ದೃಷ್ಟಿನಿವಾರಣೆ ಮುಂತಾದ ಫಲಗಳನ್ನು ಮುಂದಿಟ್ಟು ಬೆಲೆ ಏರಿಸುವ ಮಾತಿಗೆ ವಿಜ್ಞಾನದ ಆಧಾರವಿಲ್ಲ; ಈ ಹರಳು ನವರತ್ನಗಳ ಸಾಲಿಗೂ ಸೇರಿದ್ದಲ್ಲ. ಚಿನ್ನದ ಮೇಲಿನ ಹಾಲ್‌ಮಾರ್ಕ್ ಲೋಹದ ಶುದ್ಧತೆಯನ್ನು ಮಾತ್ರ ಸಾರುತ್ತದೆ, ಕೂರಿಸಿದ ಹರಳಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಆದ್ದರಿಂದ ಕೊಳ್ಳುವವರು ಹರಳಿನ ಹೆಸರು, ಅದರ ತೂಕ, ಅದು ನೈಸರ್ಗಿಕವೆಂಬ ಮಾತು ಹಾಗೂ ಬಿರುಕುಗಳಿಗೆ ಅಂಟು ತುಂಬಿದ್ದರೆ ಆ ವಿವರ, ಇವಿಷ್ಟನ್ನೂ ಬಿಲ್ಲಿನಲ್ಲಿ ಲೋಹದಿಂದ ಪ್ರತ್ಯೇಕವಾಗಿ ಬರೆಸಿಕೊಳ್ಳಬೇಕು.