ಮೊದಲು ತೀರ, ಆಮೇಲೆ ಮನೆ

ಇಂಗ್ಲೆಂಡಿನ ಮಳೆಗೂ ಶೀತಕ್ಕೂ ಬೇಸತ್ತು 1935ರಲ್ಲಿ ಗ್ರೀಸಿನ ಕಾರ್ಫು ದ್ವೀಪಕ್ಕೆ ಬಂದಿಳಿದ ಡರೆಲ್ ಕುಟುಂಬವು, ಜೆರಾಲ್ಡ್ ಡರೆಲ್ 1956ರಲ್ಲಿ ಪ್ರಕಟಿಸಿದ ‘ಮೈ ಫ್ಯಾಮಿಲಿ ಅಂಡ್ ಅದರ್ ಅನಿಮಲ್ಸ್’ ಗ್ರಂಥದಲ್ಲಿ, ಒಂದಾದ ಮೇಲೊಂದರಂತೆ ಮೂರು ವಿಲ್ಲಾಗಳಲ್ಲಿ ಬಿಡಾರ ಹೂಡುತ್ತದೆ: ಹಿರಿಯ ಮಗನು ಕರೆದ ಮಿತ್ರರಿಗೆ ಸ್ಥಳ ಸಾಲದೆಂದು ಗುಲಾಬಿ ವರ್ಣದ ಪುಟ್ಟ ಮನೆಯಿಂದ ಹಳದಿಯ ದೊಡ್ಡ ಮನೆಗೆ, ತರುವಾಯ, ಬರುತ್ತೇವೆಂದು ಪತ್ರ ಬರೆಯುವ ಬಂಧುಗಳಿಗೆ ಸ್ಥಳವಿಲ್ಲವೆನ್ನುವ ಅನುಕೂಲಕ್ಕಾಗಿ, ಅಲ್ಲಿಂದ ಬಿಳಿಯ ಚಿಕ್ಕ ಮನೆಗೆ. ವರ್ಷಗಟ್ಟಲೆ ನೆಲಸಲು ಬಂದವರಿಗೆ ಇಂಥ ವಿಲಾಸ ಸಲ್ಲುತ್ತದೆ. ಮುಂಗಡ ಹಣ ತೆತ್ತು ಒಂದೇ ವಾರಕ್ಕೆಂದು ಹೊರಡುವ ಇಂದಿನ ಪ್ರವಾಸಿಗೆ ಆಯ್ಕೆಯ ಅವಕಾಶ ಒಂದೇ ಸಲ. ಆ ಒಂದು ಸಲವನ್ನು ಅವನು ಸಾಮಾನ್ಯವಾಗಿ ಈಜುಕೊಳದ ಛಾಯಾಚಿತ್ರಗಳನ್ನು ನೋಡುವುದರಲ್ಲಿಯೇ ವ್ಯಯಿಸಿಬಿಡುತ್ತಾನೆ. ಈಜುಕೊಳಗಳೆಲ್ಲ ಒಂದೇ ಬಗೆಯ ನೀಲಿ. ಭೇದವಿರುವುದು ಮನೆಯ ಹೊರಗೆ, ದ್ವೀಪದ ಯಾವ ಮಗ್ಗುಲಲ್ಲಿ ಅದು ನಿಂತಿದೆ ಎಂಬುದರಲ್ಲಿ.

ಉತ್ತರ ದಕ್ಷಿಣವಾಗಿ ಅರುವತ್ತು ಕಿಲೋಮೀಟರುಗಳಷ್ಟು ಚಾಚಿರುವ ಈ ದ್ವೀಪದ ಈಶಾನ್ಯದಲ್ಲಿ, 906 ಮೀಟರ್ ಎತ್ತರದ ಪಾಂಟೊಕ್ರಾಟೊರ್ ಪರ್ವತವು ಸಮುದ್ರದ ಅಂಚಿನವರೆಗೂ ಇಳಿದು ಬಂದಿರುವುದರಿಂದ, ನಿಸ್ಸಾಕಿಯಿಂದ ಕಸ್ಸಿಯೋಪಿಯವರೆಗಿನ ತೀರವೆಲ್ಲ ಆಲಿವ್ ತೋಪುಗಳ ನಡುವೆ ಅಡಗಿ ಕುಳಿತ ಸಣ್ಣ ಸಣ್ಣ ಕೊಲ್ಲಿಗಳ ಮಾಲೆಯಾಗಿದೆ. 1386ರಿಂದ 1797ರವರೆಗೆ ಇಲ್ಲಿ ಆಳಿದ ವೆನಿಸಿನವರು ಆಲಿವ್ ನೆಡುವವರಿಗೆ ಪ್ರೋತ್ಸಾಹಧನ ಕೊಟ್ಟು ಬೆಳೆಸಿದ ತೋಪುಗಳ ಪರಂಪರೆ ಇದು; ಗ್ರೀಸಿನ ಉಳಿದ ಅನೇಕ ದ್ವೀಪಗಳು ಬೋಳಾಗಿದ್ದರೆ ಇದು ಹಸುರಾಗಿರುವುದಕ್ಕೆ ಚಳಿಗಾಲದ ಧಾರಾಳವಾದ ಮಳೆಯೂ ಕಾರಣವೆನ್ನಬೇಕು. ಇಲ್ಲಿಯ ದಡದಲ್ಲಿ ಮರಳಿಲ್ಲ, ಬಿಳಿಯ ಉರುಟುಗಲ್ಲುಗಳಿವೆ. ಕಾಲಿಗೆ ಅವು ಚುಚ್ಚುವುದುಂಟು, ಆದರೆ ನೀರನ್ನು ಕದಡದ ಕಾರಣ ಕತ್ತಿನಾಳದಲ್ಲಿ ನಿಂತಾಗಲೂ ಪಾದಗಳು ಸ್ಪಷ್ಟವಾಗಿ ಕಾಣುತ್ತವೆ. ಬೇಸಗೆಯ ಮಧ್ಯಾಹ್ನಗಳಲ್ಲಿ ವಾಯವ್ಯದಿಂದ ಬೀಸುವ ಮಾಯಿಸ್ತ್ರೋ ಗಾಳಿಯನ್ನು ಪರ್ವತವು ಬಹುಮಟ್ಟಿಗೆ ತಡೆಯುವುದರಿಂದ ಕಲಾಮಿ, ಅಗ್ನಿ ಮೊದಲಾದ ಕೊಲ್ಲಿಗಳು ಸರೋವರದಂತೆ ಪ್ರಶಾಂತವಾಗಿರುತ್ತವೆ. ಮೂವತ್ತು ಅಶ್ವಶಕ್ತಿಯವರೆಗಿನ ಮೋಟಾರು ದೋಣಿಯನ್ನು ಪರವಾನಗಿಯಿಲ್ಲದೆ ಬಾಡಿಗೆಗೆ ಪಡೆಯಬಹುದಾದುದರಿಂದ, ಊಟದ ಹೊತ್ತಿಗೆ ಅಗ್ನಿಯ ತವೆರ್ನಾಗಳ ಮುಂದಿನ ಮರದ ಕಟ್ಟೆಗೆ ತಾವೇ ದೋಣಿ ಕಟ್ಟಿ ಇಳಿಯುವುದು ಇಲ್ಲಿ ತಂಗಿದವರ ನಿತ್ಯಕ್ರಮ. ಡರೆಲರ ಹಿರಿಯ ಮಗ ಲಾರೆನ್ಸನು, ತಮ್ಮನ ಪುಸ್ತಕದಲ್ಲಿ ಎಲ್ಲರೊಡನೆಯೇ ವಾಸಿಸುವಂತೆ ಚಿತ್ರಿತನಾಗಿದ್ದರೂ, ವಾಸ್ತವದಲ್ಲಿ ಪತ್ನಿಯೊಡನೆ ಪ್ರತ್ಯೇಕವಾಗಿ ಕಲಾಮಿಯ ನೀರಂಚಿನ ಬಿಳಿ ಮನೆಯಲ್ಲಿದ್ದನು; ಅವನ ವಿವೇಕವನ್ನು ನಾನು ಮೆಚ್ಚುತ್ತೇನೆ.

ಈ ತೀರಕ್ಕೂ ದೋಷಗಳುಂಟು. ಸೂರ್ಯನು ಎದುರಿನ ಆಲ್ಬೇನಿಯದ ಬೆಟ್ಟಗಳ ಮೇಲೆ ಉದಯಿಸಿ ಬೆಳಗನ್ನೆಲ್ಲ ಬೆಳಗಿಸುತ್ತಾನಾದರೂ, ಸಂಜೆ ಪರ್ವತದ ಹಿಂದೆ ಬೇಗನೆ ಮರೆಯಾಗುತ್ತಾನೆ. ಸೂರ್ಯಾಸ್ತದ ಆಸೆಯುಳ್ಳವರು ಪಶ್ಚಿಮಕ್ಕೆ ಹೋಗತಕ್ಕದ್ದು. ಅಲ್ಲಿ ಗ್ಲಿಫಾದಾ ಮುಂತಾದೆಡೆ ಮಕ್ಕಳಿಗೆ ಒಪ್ಪುವ ವಿಶಾಲವಾದ ಮರಳಿದೆ, ಗಾಳಿ ಬೀಸಿದ ದಿನ ಅಲೆಗಳ ಅಬ್ಬರವೂ ಇದೆ. ಪಾಲಿಯೊಕಾಸ್ತ್ರಿತ್ಸದ ಕೊಲ್ಲಿಗಳ ಚೆಲುವು ನಿರ್ವಿವಾದವಾದದ್ದು. ನೀರು ಮಾತ್ರ ಆಗಸ್ಟಿನಲ್ಲಿಯೂ ಮೈ ಜುಮ್ಮೆನ್ನಿಸುವಷ್ಟು ತಂಪು. ದಕ್ಷಿಣದ ತುದಿಯ ಕಾವೊಸ್ ಇರುಳಿಡೀ ಕುಣಿಯುವ ತರುಣರದು, ಅವರಿಗೇ ಇರಲಿ.

ಪಟ್ಟಣದ ಸಮೀಪವೇ ಇರಬೇಕೆನ್ನುವವರು ಒಂದನ್ನು ಗಮನಿಸಬೇಕು: 2007ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಹಳೆಯ ಪಟ್ಟಣ, ಅದರ ಸ್ಪಿಯಾನಾದಾ ಬಯಲಿನಲ್ಲಿ ಬ್ರಿಟಿಷರು ಬಿಟ್ಟುಹೋದ ಕ್ರಿಕೆಟ್, ಇವೆಲ್ಲ ಮನೋಹರವೇ; ಆದರೆ ವಿಮಾನ ನಿಲ್ದಾಣದ ಓಡುಹಾದಿಯು ಪಕ್ಕದ ಹಿನ್ನೀರಿನವರೆಗೆ ಚಾಚಿಕೊಂಡಿರುವುದರಿಂದ, ಕನೋನಿ ಮತ್ತು ಪೆರಾಮಾದ ಜಗಲಿಗಳಲ್ಲಿ ಕುಳಿತವರ ಸಂಭಾಷಣೆಯನ್ನು ವಿಮಾನಗಳು ಆಗಾಗ ತುಂಡರಿಸುತ್ತವೆ.

ಇನ್ನು ಮನೆಯ ವಿಚಾರ. ‘ಸಮುದ್ರಕ್ಕೆ ಐದೇ ನಿಮಿಷ’ ಎಂಬ ಜಾಹೀರಾತನ್ನು ಕಂಡರೆ, ಅದು ನಡಿಗೆಯ ಐದು ನಿಮಿಷವೋ ಕಾರಿನದೋ, ಮೆಟ್ಟಿಲುಗಳೆಷ್ಟು, ಅಜ್ಜಿಯ ಮೊಣಕಾಲಿಗೆ ಮರಳಿ ಏರುವುದು ಸಾಧ್ಯವೋ ಎಂದು ಕೇಳಿಯೇ ತೀರಬೇಕು. ಕಸ್ಸಿಯೋಪಿಯಿಂದ ಪಟ್ಟಣಕ್ಕೆ ತಿರುವುಗಳ ದಾರಿಯಲ್ಲಿ ಸುಮಾರು ಒಂದು ಗಂಟೆ ಹಿಡಿಯುವುದರಿಂದ, ಕಾರು ನಡೆಸಲಾರದವರು ಬೆಟ್ಟದ ಮೇಲಿನ ಏಕಾಂತ ಸೌಧಕ್ಕಿಂತ ಅಂಗಡಿಯ ಬಳಿಯ ಸಾಧಾರಣ ಮನೆಯನ್ನು ಹಿಡಿಯುವುದೇ ಲೇಸು. ನಮ್ಮ ಕಡೆಯ ಸಸ್ಯಾಹಾರಿಗಳು ಹೋಟೆಲನ್ನು ಬಿಟ್ಟು ವಿಲ್ಲಾವನ್ನು ಬಯಸುವುದು ಬಹುಮಟ್ಟಿಗೆ ಅಡುಗೆಮನೆಗಾಗಿಯೇ; ಆದರೂ ಒಂದು ಸಂಜೆಯಾದರೂ ಒಲೆ ಹಚ್ಚದೆ, ಕೆಂಪು ಮೆಣಸು ಹಾಕಿ ಬೇಯಿಸಿದ ಕಾಡುಸೊಪ್ಪಿನ ತ್ಸಿಗರೆಲಿಯನ್ನು ತವೆರ್ನಾದಲ್ಲಿ ಕೇಳಿ ತಿನ್ನಬೇಕು. ಜುಲೈ ಆಗಸ್ಟುಗಳ ಸೆಕೆ, ಸಂದಣಿ, ಬಾಡಿಗೆ ಮೂರೂ ವಿಪರೀತ. ಶಾಲೆಯ ರಜೆಗೆ ಕಟ್ಟುಬೀಳದವರಿಗೆ ನೀರಿನ್ನೂ ಬೆಚ್ಚಗಿರುವ ಸೆಪ್ಟೆಂಬರಿನ ಮೊದಲರ್ಧವೇ ಪ್ರಶಸ್ತ.